ಗೇಟಿಗೆ ಅಡ್ಡ ನಿಂತ ನಾಯಿ

ಅಂದು ಬೆಳಿಗ್ಗೆ ನನ್ನ ಹೆಂಡತಿ ಎಂದಿನಂತೆ ಕೆಲಸಕ್ಕೆ ಹೊರಟಳು. ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ವಿದೇಶಿಯರ ಮನೆಯೊಂದರಲ್ಲಿ ಅವಳು ಅಡುಗೆ ಮಾಡುತ್ತಿದ್ದಳು. ಚಪ್ಪಲಿ ಮೆಟ್ಟಿದ ಕೂಡಲೇ ನಾಯಿ ಓಡಿಬಂದು ಗೇಟಿಗೆ ಅಡ್ಡ ನಿಂತಿತು. ಅದು ಕುರಿಮಂದೆ ಕಾಯುವ ಜಾತಿಯದು. ಆ ಮನೆಯಲ್ಲಿ ಮೊದಲು ಇದ್ದವರು ತಮ್ಮ ದೇಶಕ್ಕೆ ಹಿಂದಿರುಗುವಾಗ ಅದನ್ನು ಬಿಟ್ಟುಹೋಗಿದ್ದರು. ಇವಳು ಉದಯಗಿರಿಯ ನಮ್ಮ ಎರಡು ಕೋಣೆಯ ಮನೆಗೆ ಕರೆತಂದಳು.

ನಮ್ಮ ಮನೆಯಲ್ಲಿ ಕುರಿ ಎಲ್ಲಿಂದ ಬರಬೇಕು? ಅದು ನಮ್ಮನ್ನೇ ಕಾಯುತ್ತಿತ್ತು. ಯಾರು ಹೊರಟರೂ ಸುತ್ತುಹಾಕಿ, ಹಿಮ್ಮಡಿಗೆ ಮೂತಿ ತಂದು, ಒಳಕ್ಕೆ ತಿರುಗಿಸುತ್ತಿತ್ತು. ಅದಕ್ಕೆಂದೇ ಅವಳು ಒಂದು ಮಾತು ಕಲಿಸಿದ್ದಳು. ಹೊರಡುವವರು ‘ಬತ್ತೀನಿ’ ಅಂದರೆ ಅದು ಪಕ್ಕಕ್ಕೆ ಸರಿಯಬೇಕು. ಹಾಲಿನವನೂ ಗ್ಯಾಸ್ ಸಿಲಿಂಡರ್ ತರುವವನೂ ಹಾಗೆ ಹೇಳಿಯೇ ಹೋಗುತ್ತಿದ್ದರು.

ಅವಳು ಅಂದೂ ಹೇಳಿದಳು. ನಾಯಿ ಸರಿಯಿತು. ಸಾರಿಗೆ ಕೊತ್ತಂಬರಿ ಹಾಕಿಲ್ಲ, ನೀವೇ ಹಾಕ್ಕೊಳ್ಳಿ ಎಂದು ನನಗೆ ಕೂಗಿದಳು. ನಾನು ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಬೀಗದ ಕೈ ಹುಡುಕುತ್ತಿದ್ದೆ. ಹೂಂ ಅಂದೆನೋ ಇಲ್ಲವೋ. ಮಧ್ಯಾಹ್ನ ಆ ಮನೆಯ ಒಲೆಯ ಮುಂದೆಯೇ ಅವಳು ಕುಸಿದುಬಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು.

ಅವಳನ್ನು ಮನೆಗೆ ತಂದು, ಮತ್ತೆ ಎತ್ತಿಕೊಂಡು ಹೋಗುವವರೆಗೆ ನಾಯಿಯನ್ನು ಬಚ್ಚಲಲ್ಲಿ ಕೂಡಿಹಾಕಿದ್ದೆವು. ಅದು ಬಾಗಿಲು ಕೆರೆಯುತ್ತಲೇ ಇತ್ತು. ತಿಥಿಯ ದಿನ ಮತ್ತೆ ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಹಿತ್ತಿಲಲ್ಲಿ ಹಗ್ಗ ಹಾಕಿ ಕಟ್ಟಿದ್ದೆ.

ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ಹೋಗಿಬರುತ್ತೇನೆ ಅನ್ನುವುದಿಲ್ಲ. ಹಾಗೆ ಅಂದರೆ ಅಂಥದೇ ಕಾರ್ಯಕ್ಕೆ ಮತ್ತೆ ಬರಬೇಕಾದೀತು ಎಂಬ ಭಯ. ಊಟ ಮುಗಿದ ಮೇಲೆ ನೆಂಟರೆಲ್ಲ ಕೈತೊಳೆದು, ಮಾತಿಲ್ಲದೆ ಒಬ್ಬೊಬ್ಬರಾಗಿ ಎದ್ದರು. ಅದನ್ನು ನಾಯಿ ಹಿತ್ತಿಲಿಂದ ನೋಡುತ್ತಿತ್ತು. ಕೊರಳನ್ನು ಹಗ್ಗದಿಂದ ಯಾವಾಗ ಬಿಡಿಸಿಕೊಂಡಿತೋ, ಬಂದು ಗೇಟಿಗೆ ಅಡ್ಡ ನಿಂತಿತು. ಮುಂದೆ ಹೋದವರನ್ನು ಸುತ್ತಿ ಸುತ್ತಿ ಹಿಂದಕ್ಕೆ ನೂಕಿತು. ಹೆಂಗಸರು ಗೋಡೆಗೆ ಒತ್ತಿಕೊಂಡರು. ಬತ್ತೀನಿ ಅಂತ ಒಂದು ಮಾತು ಅನ್ನಿ, ಬಿಟ್ಟುಬಿಡುತ್ತದೆ ಎಂದು ಎಲ್ಲರನ್ನೂ ಬೇಡಿಕೊಂಡೆ.

“ಸಾವಿನ್ ಮನೇಲಿ ಆ ಮಾತಾಡ್ಬುಟ್ಟು ಹೋಗ್ತಾರೇನ್ಲಾ?” ಅಂದಳು ನನ್ನ ಸೋದರತ್ತೆ. “ನಿನ್ ನಾಯಿ. ನೀನೇ ಅನ್ನು.”

ನಾನು ಅಂದೆ. ನಾಯಿ ನನ್ನೊಬ್ಬನಿಗೆ ದಾರಿ ಬಿಟ್ಟಿತು.

ಅಷ್ಟರಲ್ಲಿ ನನ್ನ ನಾದಿನಿಯ ಮೊಮ್ಮಗ, ಇನ್ನೂ ಮಾತು ಸರಿಯಾಗಿ ಬಾರದ ಮಗು, ಆ ಸಂದಿಯಲ್ಲಿ ಓಡಿತು. ನಾಯಿ ಅದರ ಹಿಮ್ಮಡಿ ಹಿಡಿಯಿತು. ಮಗು ಚೀರಿತು. ನಾದಿನಿ ಮಗುವನ್ನು ಎತ್ತಿಕೊಂಡಳು. ಅವಳ ಸೀರೆಗೆ ರಕ್ತ ಹತ್ತಿತ್ತು. ನಾಯಿಯ ಕಡೆ ಬಗ್ಗಿ, ತನ್ನ ಅಕ್ಕನ ಹಾಗೆಯೇ ಮೆಲ್ಲಗೆ, “ಬತ್ತೀನಿ ಕಣೇ, ದಾರಿ ಬುಡು” ಅಂದಳು.

ಅದು ಸರಿದು ನಿಂತಿತು. ಅವಳ ಬೆನ್ನಿಗೇ ಎಲ್ಲರೂ ನುಗ್ಗಿ ಹೊರಗೆ ಹೋದರು.

ನಾಯಿಗೆ ನನ್ನ ಹೆಂಡತಿ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿದ್ದಳು. ಆದರೂ ಮಗುವಿಗೆ ಇಂಜೆಕ್ಷನ್‌ಗಳಾದವು. ಗಾಯ ಮಾಯ್ದರೂ ಸಾವಿನ ಮನೆಯಲ್ಲಿ ನಾದಿನಿ ಆಡಿದ ಆ ಮಾತು ಉಳಿಯಿತು. ಸೋದರತ್ತೆ ಫೋನ್ ಮಾಡಿ ಮಗುವಿಗೆ ಜ್ವರ ಬಂತಾ ಎಂದು ವಿಚಾರಿಸುತ್ತಿದ್ದಳು. ಬಂದಿಲ್ಲ ಅಂದರೆ, ಇನ್ನೂ ನೋಡೋಣ ಅನ್ನುತ್ತಿದ್ದಳು. ಇಂಥದನ್ನೆಲ್ಲ ನಾನು ಅಷ್ಟಾಗಿ ನಂಬುವವನಲ್ಲ. ಆದರೆ ನಾದಿನಿಯ ನಂಬರಿನಿಂದ ಫೋನ್ ಬಂದಾಗಲೆಲ್ಲ ಎತ್ತಲು ಕೈ ಬರುತ್ತಿರಲಿಲ್ಲ.

ಎದುರುಮನೆಯವರು ಒಂದು ದಿನ ನನ್ನನ್ನು ನಿಲ್ಲಿಸಿ, ಹೆಂಗಸು ಹೋದ ಮನೆ ಅಂತ ಸುಮ್ಮನಿದ್ದೇನೆ, ನಮ್ಮ ಮಕ್ಕಳೂ ಇಲ್ಲೇ ಆಡುತ್ತವೆ ಎಂದರು. ಆಮೇಲೆ ದನಿ ತಗ್ಗಿಸಿದರು.

“ಇನ್ನೊಂದ್ ಸಲ ಆದ್ರೆ ನಿಮ್ಗೆ ಹೇಳಾಕ್ ಬರಲ್ಲ ಕಣ್ರೀ. ಏನ್ ಹಾಕ್ಬೇಕೋ ಹಾಕ್ಬುಡ್ತೀನಿ.”

ಅಂದಿನಿಂದ ಬಾಗಿಲು ತೆಗೆದ ಕೂಡಲೇ ನಾನು ಅಂಗಳವನ್ನೆಲ್ಲ ತಡಕುತ್ತಿದ್ದೆ, ಯಾರಾದರೂ ಅನ್ನದುಂಡೆಯೋ ಮಾಂಸದ ಚೂರೋ ಎಸೆದಿದ್ದಾರೆಯೇ ಎಂದು. ಅಂಗಡಿಯಲ್ಲಿ ತಂತಿ ಸುತ್ತುವಾಗ ಲೆಕ್ಕ ತಪ್ಪುತ್ತಿತ್ತು. ನಾಯಿಯ ಭಯವೋ, ನಾಯಿಗಾಗಿ ಭಯವೋ, ನನಗೇ ಬೇರೆ ಮಾಡಲಾಗುತ್ತಿರಲಿಲ್ಲ.

ನಾಯಿಯನ್ನು ಕೊಟ್ಟುಬಿಡು ಎಂದು ನೆಂಟರು ಒಂದು ಗೋಡೌನ್ ಗೊತ್ತು ಮಾಡಿದರು. ನೋಡಲು ಹೋದೆ. ಮೂಟೆಗಳ ನಡುವೆ ಕಂಬ, ಕಂಬಕ್ಕೆ ಗೇಣುದ್ದದ ಸರಪಳಿ. ಕಚ್ಚುವ ನಾಯೇ ಬೇಕಾಗಿತ್ತು ಎಂದು ಯಜಮಾನರು ಸಂತೋಷಪಟ್ಟರು. ಇಡೀ ದಿನ ಓಡಿದರೂ ದಣಿಯದ ಜೀವ ಅದು. ಅಲ್ಲಿ ಕಟ್ಟಿದರೆ ನಿಜವಾಗಿಯೂ ಕಚ್ಚುವುದನ್ನು ಕಲಿಯುತ್ತದೆ ಅನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಕೊನೆಗೆ ಪಶುವೈದ್ಯರು ಬನ್ನಿಮಂಟಪದ ಕಡೆಯ ಒಬ್ಬ ಹೆಂಗಸನ್ನು ಕಳಿಸಿದರು. ಅವರು ಇದೇ ಜಾತಿಯ ನಾಯಿಯನ್ನು ಮುಪ್ಪಿನವರೆಗೆ ಸಾಕಿದ್ದರು. ಬೆಳಿಗ್ಗೆ ಸಂಜೆ ಓಡುವ ಅಭ್ಯಾಸವಿತ್ತು. ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಿ ಬೆವರಿಳಿಸಿಕೊಂಡು ಬಂದರು. ನಾಯಿ ಅವರ ಕಾಲ ಬಳಿ ಮಲಗಿತು. ಅದು ಹಾಗೆ ಮಲಗಿದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಕಚ್ಚಿದ್ದನ್ನು ಹೇಳಿದರೆ ಇವರೂ ಎದ್ದುಹೋಗುತ್ತಾರೆ ಅನ್ನಿಸಿತು. ಹೇಳಿದೆ.

“ರಕ್ತ ಬಂತಾ?”

“ಬಂತು.”

ಅವರು ನಾಯಿಯ ಕಿವಿ ಸವರಿದರು. “ನೀವು ಹೇಳ್ದೆ ಇದ್ದಿದ್ರೆ ನಮ್ಮಕ್ಕನ ಮಕ್ಕಳ ಜೊತೆ ಆಡೋಕೆ ಬಿಟ್ಟುಬಿಡ್ತಿದ್ದೆ ಅಣ್ಣ.”

ಅಂದು ಅವರು ಕರೆದುಕೊಂಡು ಹೋಗಲಿಲ್ಲ. ಮತ್ತೆ ಬಂದರು, ಮತ್ತೂ ಬಂದರು. ಮಕ್ಕಳು ಬಂದಾಗ ನಾಯಿಯನ್ನು ಇರಿಸಲು ಬೇರೆ ಕೋಣೆ ಮಾಡಿಕೊಂಡು, ಆಮೇಲೆ ಕರೆದೊಯ್ದರು.

ಈಗ ಅದು ಅಲ್ಲಿ ಚೆನ್ನಾಗಿದೆ. ಚೆಂಡನ್ನು ಕುರಿಯಂತೆ ಅಟ್ಟುತ್ತದಂತೆ, ಉಣ್ಣುತ್ತದಂತೆ. ಬಯಲಲ್ಲಿ ದೂರ ಹೋದಾಗ ಮಾತ್ರ ಕರೆದರೆ ಬರುವುದಿಲ್ಲ, ನಿಂತು ಬೇರೆ ಕಡೆ ನೋಡುತ್ತದೆ ಎಂದು ಮೊನ್ನೆ ಫೋನ್ ಮಾಡಿದ್ದರು. ನಿಮ್ಮ ಮನೆಯವರು ಅದನ್ನು ಕರೆಯೋದು ಯಾವುದಾದರೂ ವಿಡಿಯೊದಲ್ಲಿ ಇದ್ದರೆ ಕಳಿಸಿ, ಕೇಳಿ ಕಲಿಯುತ್ತೇನೆ ಎಂದರು. ನನ್ನ ಹೆಂಡತಿಯ ಫೋನ್ ಚಾರ್ಜಿಗೆ ಹಾಕಿ ಎಲ್ಲವನ್ನೂ ನೋಡಿದೆ. ನಾಯಿಯ ಫೋಟೊಗಳು ಬೇಕಾದಷ್ಟಿವೆ. ಅವಳ ದನಿ ಒಂದರಲ್ಲೂ ಇಲ್ಲ.