ಸುಣ್ಣದ ಗೆರೆ, ಚೆಂಡಿನ ಹೊಟ್ಟೆ

ಶಾಲೆಯಿಂದ ನಿವೃತ್ತನಾದ ಮೇಲೂ ಫುಟ್‌ಬಾಲ್ ರೆಫರಿಯಾಗಿ ಹೋಗುವುದನ್ನು ನಾನು ಬಿಟ್ಟಿಲ್ಲ. ಪಂದ್ಯಕ್ಕೆ ಒಂದು ಗಂಟೆ ಮೊದಲೇ ಹೋಗಿ ಮೈದಾನ ಸುತ್ತುತ್ತೇನೆ, ಬಲೆಯ ಗಂಟು ನೋಡುತ್ತೇನೆ, ಚೆಂಡು ಒತ್ತಿ ಗಾಳಿ ಪರೀಕ್ಷಿಸುತ್ತೇನೆ. ಇಷ್ಟೆಲ್ಲ ಸರಿಯಿದ್ದರೂ ಒಂದು ತೊಡಕು ತಪ್ಪುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಫುಟ್‌ಬಾಲ್ ಕಲಿಸುವವರಲ್ಲಿ ಹೆಚ್ಚಿನವರು ವಾಲಿಬಾಲ್ ಆಡಿ ಬಂದವರು. ಚೆಂಡು ನೆಲ ಮುಟ್ಟಿದ ಜಾಗವನ್ನೇ ಅವರ ಕಣ್ಣು ಹುಡುಕುವುದು.

ಕಳೆದ ವರ್ಷ ಯಡ್ತರೆಯ ಮೈದಾನದಲ್ಲಿ ಹೈಸ್ಕೂಲ್ ಹುಡುಗಿಯರ ಫೈನಲ್ ಇತ್ತು. ಕೊಕ್ಕರ್ಣೆ ಕಡೆಯ ತಂಡ ಮೊದಲ ಬಾರಿಗೆ ಫೈನಲಿಗೆ ಬಂದಿತ್ತು. ಅದರಲ್ಲಿ ಹತ್ತನೇ ತರಗತಿಯವರೇ ಹೆಚ್ಚು. ಅವರಿಗದು ಶಾಲೆಯ ಕೊನೆಯ ಪಂದ್ಯ. ದ್ವಿತೀಯಾರ್ಧ ಶುರುವಾದ ಸ್ವಲ್ಪದರಲ್ಲೇ ಎದುರು ತಂಡದ ಹುಡುಗಿಯೊಬ್ಬಳು ಬದಿಯ ಗೆರೆಗುಂಟ ಚೆಂಡು ಒಯ್ದು ಒಳಗೆ ಕೊಟ್ಟಳು, ಇನ್ನೊಬ್ಬಳು ಗೋಲು ಹೊಡೆದಳು.

ಕೊಕ್ಕರ್ಣೆ ತಂಡದ ಕೋಚ್, ಹಿಂದೆ ವಾಲಿಬಾಲಿನಲ್ಲಿ ಹೆಸರು ಮಾಡಿದವರು, ಗೆರೆಯ ಬಳಿ ಓಡಿಬಂದು ನೆಲಕ್ಕೆ ಬಗ್ಗಿದರು. ಮಣ್ಣು ಹಸಿಯಿತ್ತು. ಚೆಂಡು ಉರುಳಿದ ಗುರುತು ಸುಣ್ಣದ ಗೆರೆಯಿಂದ ನಾಲ್ಕು ಬೆರಳು ಆಚೆಗಿತ್ತು.

"ಹ್ವಾಯ್ ಮಾಷ್ಟ್ರೆ, ಇಲ್ ಕಾಣಿ! ಗುರ್ತ್ ಹೊರ್ಗಿತ್ತ್. ಔಟ್!"

"ಔಟ್ ಅಲ್ಲ. ಚೆಂಡ್ ಪೂರ್ತಿ ಗೆರಿ ದಾಟ್ಕ್."

"ನೆಲ ಮುಟ್ಟದ್ ಹೊರ್ಗ್ ಅಲ್ದಾ? ನಿಮ್ ಕನ್ನಡ್ಕ ಬದ್ಲ್ ಮಾಡುಕಾಯ್ತ್" ಎಂದವರೇ ತಂಡದತ್ತ ತಿರುಗಿದರು. "ಬನ್ನಿ ಮಕ್ಳೇ ಹೊರ್ಗೆ. ನಾವ್ ಆಡುದಿಲ್ಲ."

ಹುಡುಗಿಯರು ಕಾಲೆಳೆಯುತ್ತ ಹೊರಟರು. ಗಿಡ್ಡ ಜಡೆಯವಳೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊರಹೋದ ತಂಡ ಮರಳದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ, ಕಪ್ ಎದುರಿನವರ ಪಾಲು. ಆ ಮಕ್ಕಳ ಕೊನೆಯ ಪಂದ್ಯ ಹಾಗೆ ಮುಗಿಯುವುದು ನನಗೆ ಬೇಡವಾಗಿತ್ತು.

ಎಚ್ಚರಿಕೆಯ ಹಳದಿ ಕಾರ್ಡನ್ನು ಜೇಬಿನಲ್ಲೇ ಬಿಟ್ಟು, ಚೆಂಡನ್ನು ತಂದು ಅದೇ ಗುರುತಿನ ಮೇಲಿಟ್ಟೆ. ಕೊರಳಿನ ವಿಸಿಲ್ ತೆಗೆದು, ಅದರ ದಾರವನ್ನು ಮೈದಾನದ ಕಡೆಗೆ ಉಬ್ಬಿದ್ದ ಚೆಂಡಿನ ಹೊಟ್ಟೆಗೆ ತಾಗಿಸಿ ಇಳಿಬಿಟ್ಟೆ. ತೂಗಾಡಿದ ವಿಸಿಲ್ ನಿಂತದ್ದು ಸುಣ್ಣದ ಮೇಲೆ.

"ಬುಡ ಹೊರ್ಗೆ, ಹೊಟ್ಟಿ ಗೆರಿ ಮೇಲ್. ಫುಟ್‌ಬಾಲಲ್ಲಿ ಇದ್ ಒಳ್ಗೆ."

"ವಾಲಿಬಾಲಲ್ಲಿ ಔಟೇ" ಎಂದರು. ಧ್ವನಿ ತುಸು ಇಳಿದಿತ್ತು.

"ನೀವ್ ವಾಲಿಬಾಲ್ ಅಂಪೈರ್ ಆಯ್ ನಿಂತಾಗ ನಾನ್ ಬಂದ್, ಹೊಟ್ಟಿ ಒಳ್ಗಿತ್ತ್, ಪಾಯಿಂಟ್ ಕೊಡಿ ಅಂದ್ರೆ ಎಂತ ಮಾಡ್ತ್ರಿ?"

"ಓಡ್ಸ್ತೆ!" ಎಂದವರು ತಾವೇ ನಕ್ಕುಬಿಟ್ಟರು. ಹುಡುಗಿಯರೂ ನಕ್ಕರು. "ಹೋಯ್ನಿ ಮಕ್ಳೇ, ಆಡಿ. ಈ ಮಾಷ್ಟ್ರ್ ಬಿಡುದಿಲ್ಲ."

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಚೆಂಡು ಮತ್ತೆ ಅದೇ ಗೆರೆಯತ್ತ ಉರುಳಿತು. ಹೊರಹೋಯಿತೆಂದು ಎದುರು ತಂಡದವರು ಕೈಯೆತ್ತಿ ನಿಂತರು.

"ಹೊಟ್ಟಿ ಗೆರಿ ಮೇಲಿತ್ತ್, ಬಿಡ್ಬೇಡಿ!" ಎಂದು ಕೂಗಿದ್ದು ಅದೇ ಕೋಚ್.

ಗಿಡ್ಡ ಜಡೆಯವಳು ಓಡಿ ಚೆಂಡು ಹಿಡಿದಳು. ಗೋಲಾಯಿತು, ಸಮವಾಯಿತು. ಕೊನೆಗೆ ಪೆನಾಲ್ಟಿಯಲ್ಲಿ ಅವರು ಸೋತರು. ಆದರೂ ಬಸ್ಸಿನೊಳಗೆ ಅವರ ಗದ್ದಲ ಗೆದ್ದವರಿಗಿಂತ ಜೋರಾಗಿತ್ತು.

ಮೈದಾನದ ಹೊರಗಿನ ಗೂಡಂಗಡಿಯಲ್ಲಿ ಕೋಚ್ ನನಗೂ ಚಹಾ ಹೇಳಿದರು. "ಬಪ್ಪು ವಾರ ಸಾಸ್ತಾನದಲ್ ವಾಲಿಬಾಲಿಗೆ ನಾನೇ ಅಂಪೈರ್. ಬನ್ನಿ ಮಾಷ್ಟ್ರೆ. ಆದ್ರೆ ಬಾಯಿ ಬಿಡುಕಿಲ್ಲ."

ಹೋದೆ, ಒಂದು ಗಂಟೆ ಮೊದಲೇ. ಗೆರೆಯ ಹತ್ತಿರವೇ ಕುಳಿತು ಇಡೀ ಪಂದ್ಯ ನೋಡಿದೆ. ಬಾಯಿ ಬಿಡಲಿಲ್ಲ.