ಭಾಗವ್ವ ಬೈಯುತ್ತಿದ್ದ ಕಲ್ಲುಗಳು

ಅನಗವಾಡಿಯ ಭಾಗವ್ವ ಸಿಟ್ಟು ಬಂದರೆ ಮನೆಯಲ್ಲಿ ಯಾರಿಗೂ ಬೈಯುತ್ತಿರಲಿಲ್ಲ. ನೆಟ್ಟಗೆ ಹೊಲಕ್ಕೆ ಹೋಗಿ ಕಲ್ಲಿಗೆ ಬೈಯುತ್ತಿದ್ದಳು. ಅಲ್ಲಿ ದಿಬ್ಬದ ಮೇಲೆ ದೊಡ್ಡ ದೊಡ್ಡ ಗುಂಡುಗಳು ಪಂಚಾಯಿತಿಗೆ ಕೂತವರ ಹಾಗೆ ದುಂಡಗೆ ಇದ್ದವು. ಊರವರು ಅದಕ್ಕೆ ‘ಮೋರೇರ ಮನಿ’ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಗಿಡ್ಡ ಗಿಡ್ಡ ಜನ ಅಲ್ಲಿ ಸಂಸಾರ ಹೂಡಿದ್ದರಂತೆ.

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಗೆ ಎದುರಾಡಲು ಧೈರ್ಯ ಸಾಲದೆ, ಎಲ್ಲಕ್ಕಿಂತ ದೊಡ್ಡ ಕಲ್ಲಿಗೆ ಅತ್ತೆಯ ಹೆಸರಿಟ್ಟಳು. ಆಮೇಲೆ ನಾದಿನಿಗೊಂದು, ಮೈದುನನಿಗೊಂದು. ಮನಸಾರೆ ಬೈದು, ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ನಗುತ್ತ ಮನೆಗೆ ಬರುತ್ತಿದ್ದಳು. ಇಂಥ ಶಾಂತ ಸೊಸೆ ಊರಲ್ಲೇ ಇಲ್ಲವೆಂದು ಅತ್ತೆ ಕಡೆಯವರೆಗೂ ಹೊಗಳಿದಳು.

ಹೋದ ವರ್ಷ ಹೊಲಕ್ಕೆ ಪೈಪಿನಲ್ಲಿ ಹೊಳೆಯ ನೀರು ಬಂತು. ಗಂಡ ಗಿರಿಮಲ್ಲಪ್ಪ ಪೂರ್ತಿ ಕಬ್ಬು ಹಚ್ಚುವ ಹುರುಪಿನಲ್ಲಿ ಕಲ್ಲು ಕೀಳಲು ಜೆಸಿಬಿ ತರಿಸಿದ. ಭಾಗವ್ವ ಹೋಗಿ ಕಲ್ಲುಗಳ ನಡುವೆ ಕೂತುಬಿಟ್ಟಳು.

“ಏಳ, ಮಷಿನ್ ನಿಂತೈತಿ.”

“ನಾ ಏಳಂಗಿಲ್ಲ. ಇವನ್ನ ಕಿತ್ತರ ನಾಳಿಂದ ನಿಮಗ ಬೈಬೇಕಾಗತೈತಿ ನೋಡ್ರಿ.”

ಹಾಗೆಂದವಳು ಜೆಸಿಬಿ ಓಡಿಸುವ ತುಕಾರಾಮನ ಎದುರಿಗೇ ಇಷ್ಟು ವರ್ಷದ ಗುಟ್ಟನ್ನೆಲ್ಲ ಹೇಳಿದಳು. ಗಿರಿಮಲ್ಲಪ್ಪ ಕಣ್ಣು ಬಿಟ್ಟು ಕಲ್ಲುಗಳನ್ನೆಲ್ಲ ನೋಡಿದ.

“ಇದರಾಗ ನಾ ಯಾವದು?”

ಅವಳು ಅರ್ಧ ಹೂತುಹೋಗಿದ್ದ ಚಪ್ಪಟೆ ಕಲ್ಲೊಂದನ್ನು ತೋರಿಸಿದಳು.

“ಇಷ್ಟ ಸಣ್ಣದು?”

“ನಿಮಗ ಬೈಯೂದು ಭಾಳ ಇರತಿರಲಿಲ್ಲರೀ. ಅದರ ಮ್ಯಾಲ ಕುಂತು ಉಣ್ಣತಿದ್ದೆ.”

ತುಕಾರಾಮ ನಕ್ಕು ನಕ್ಕು ಮಷಿನ್ ತಿರುಗಿಸಿಕೊಂಡು ಹೋದ. ಗಿರಿಮಲ್ಲಪ್ಪ ದಿಬ್ಬ ಬಿಟ್ಟು ಸುತ್ತಲೂ ಕಬ್ಬು ಹಚ್ಚಿಸಿದ.

ಸುದ್ದಿ ಮುಧೋಳದವರೆಗೆ ಹೋಗಿ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ವೈಶಾಲಿ ಸ್ಕೂಟಿಯಲ್ಲಿ ಬಂದಳು. ಕಲ್ಲುಗಳನ್ನು ಎರಡು ಸುತ್ತು ಹಾಕಿ, ಭಾಗವ್ವನ ಪಕ್ಕ ಕೂತಳು.

“ಇದು ಮನಿ ಅಲ್ಲರಿ ಅಕ್ಕಾರ, ಗೋರಿ. ಎರಡು ಸಾವಿರ ವರ್ಷಕ್ಕಿಂತ ಹಳೇದಿರಬೇಕು. ಸತ್ತವರನ್ನ ಮಣ್ಣು ಮಾಡಿ ಸುತ್ತ ಕಲ್ಲು ಇಡತಿದ್ರು.”

“ಯವ್ವಾ! ಮಲಗಿದವರ ತಲಿ ಮ್ಯಾಲ ಕುಂತು ಇಷ್ಟು ವರ್ಷ ಒದರೇನಲ್ಲ!”

ಭಾಗವ್ವನಿಗೆ ಆ ದಿನ ಊಟ ಸೇರಲಿಲ್ಲ. ಮರುದಿನ ಹೋಳಿಗೆ ಮಾಡಿ ಒಯ್ದು, ಕಲ್ಲುಗಳ ನಡುವೆ ಇಟ್ಟು, ತಪ್ಪಾಯಿತೆಂದು ಕೈ ಮುಗಿದಳು. ಆಮೇಲೆ ವೈಶಾಲಿಗೆ ಫೋನು ಹಚ್ಚಿದಳು.

“ಬಾಯಾರ, ಒಳಗಿದ್ದದ್ದು ಹೆಣಮಗಳೋ ಗಂಡಸೋ?”

“ಅಗದ ನೋಡದ ಹೇಳಾಕ ಬರಂಗಿಲ್ಲರಿ. ಅಗದ್ರೂ ಹೆಸರಂತೂ ಸಿಗಂಗಿಲ್ಲ.”

“ಹಂಗಾರ ಅಗೀಬ್ಯಾಡ್ರಿ. ನಿದ್ದಿ ಯಾಕ ಕೆಡಸೂದು?”

ವೈಶಾಲಿ ಈಗ ಆಗಾಗ ವಿದ್ಯಾರ್ಥಿಗಳನ್ನು ಕರೆತರುತ್ತಾಳೆ. ಕಬ್ಬು ಆಳೆತ್ತರಕ್ಕೆ ಬೆಳೆದು ದಾರಿ ಮುಚ್ಚಿಹೋಗಿದೆ. ಅವರು ರಸ್ತೆಯಲ್ಲಿ ನಿಂತು ಕೂಗಿದರೆ ಒಳಗಿನಿಂದ ಭಾಗವ್ವನ ದನಿ ಬರುತ್ತದೆ: “ಹಿಂಗ ಬರ್ರಿ, ಸಾವಕಾಶ. ಕಬ್ಬಿನ ರವದಿ ಮೈ ಕೊಯ್ದೀತು!”