ಗ್ಯೊಂಗ್ಜುವಿಗೊಂದು ರಜಾ ಅರ್ಜಿ

ಅಲ್ ಸದ್ದ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟು ನೆಲಮಹಡಿಯಿಂದ ಏಳನೆಯ ಮಹಡಿಗೆ ಏರುವಷ್ಟರಲ್ಲಿ ಎರಡೇ ಎರಡು ಪ್ರಶ್ನೆಗಳಿಗೆ ಅವಕಾಶವಿರುತ್ತದೆ. ಮೊದಲನೆಯದು, ರಜೆ ಯಾವಾಗ? ಎರಡನೆಯದು, ಎಷ್ಟು ದಿನ? ಎಲ್ಲಿಗೆ ಎಂದು ಈ ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿದ್ದಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಗಲ್ಫಿನಲ್ಲಿ ದುಡಿಯುವ ನಮ್ಮಂಥವರಿಗೆ ರಜೆಯೆಂದರೆ ಊರು, ಊರೆಂದರೆ ರಜೆ. ಒಂದರ ಹೆಸರು ಹೇಳಿದರೆ ಇನ್ನೊಂದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಕಳೆದ ತಿಂಗಳು ಐದನೆಯ ಮಹಡಿಯ ಮಲಯಾಳಿ ಹಿರಿಯರೊಬ್ಬರಿಗೆ ನಾನು, ಈ ಸಲ ಕೊರಿಯಾಕ್ಕೆ ಹೋಗುತ್ತೇವೆ, ಎಂದಾಗ ಅವರ ಮುಖ ಬಾಡಿತು. ನನ್ನ ಭುಜದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, ಇಲ್ಲಿಯ ಕೆಲಸ ಹೋಯಿತೇ ಎಂದು ವಿಚಾರಿಸಿದರು. ಪ್ರವಾಸಕ್ಕೆಂದೇ ಹೋಗುವುದು, ಅದೂ ನಾಲ್ಕೇ ದಿನ, ಎಂದು ನಾನು ವಿವರಿಸುವಷ್ಟರಲ್ಲಿ ಅವರ ಮಹಡಿ ಬಂದಿತ್ತು. ಅವರು ಇಂದಿಗೂ ನನಗಾಗಿ ಎಲ್ಲೋ ಒಂದು ಉದ್ಯೋಗ ಹುಡುಕುತ್ತಿರಬಹುದು.

ಕೊರಿಯಾ ಎಂದರೆ ಇಡೀ ಕೊರಿಯಾವಲ್ಲ, ಗ್ಯೊಂಗ್ಜು ಎಂಬ ಒಂದು ಹಳೆಯ ಊರು. ಇದು ನನ್ನ ಮನೆಗೆ ಬಂದದ್ದು ಮಗಳ ಮೂಲಕ. ಈಗ ಪುಣೆಯ ಹಾಸ್ಟೆಲಿನಲ್ಲಿರುವ ಅವಳು ಇಲ್ಲಿದ್ದಾಗ ಕೊರಿಯನ್ ಧಾರಾವಾಹಿಗಳ ಪರಮ ಭಕ್ತೆಯಾಗಿದ್ದಳು. ಅವಳು ನಾಯಕನ ಮುಖವನ್ನು ನೋಡುತ್ತಿದ್ದರೆ, ಪಕ್ಕದಲ್ಲಿ ಸಿಗಡಿ ಬಿಡಿಸುತ್ತ ಕುಳಿತಿರುತ್ತಿದ್ದ ನನ್ನ ಹೆಂಡತಿ ಪ್ರಮೀಳಾ ಮಾತ್ರ ನಾಯಕನ ಹಿಂದುಗಡೆಯನ್ನು ನೋಡುತ್ತಿದ್ದಳು. "ಆ ಹಿಂದೆ ಕಾಣುವ ಹಸಿರು ಗುಡ್ಡೆ ಎಂತದು? ಒಂದೇ ಅಳತೆಯಲ್ಲಿ ಸಾಲಾಗಿ ಉಂಟಲ್ಲ," ಎಂದು ಒಮ್ಮೆ ಕೇಳಿದಳು. ಮಗಳು ಧಾರಾವಾಹಿ ನಿಲ್ಲಿಸಿ, ಫೋನಿನಲ್ಲಿ ಹುಡುಕಿ, ಅವು ಗುಡ್ಡೆಗಳಲ್ಲ, ಹಳೆಯ ರಾಜರ ಸಮಾಧಿಗಳು, ಮೇಲೆ ಹುಲ್ಲು ಬೆಳೆಸಿದ್ದಾರೆ ಎಂದಳು. ಪ್ರಮೀಳಾ ಸಿಗಡಿ ಕೈಯಲ್ಲೇ ಹಿಡಿದು, "ಸತ್ತವರ ಮೇಲೆ ಇಷ್ಟು ಚಂದದ ಹುಲ್ಲಾ!" ಎಂದಳು. ಆಮೇಲೆ ಮೆಲ್ಲಗೆ, "ಒಮ್ಮೆ ನೋಡ್ಬೇಕಿತ್ತು," ಎಂದಳು. ಅವಳ ಬಾಯಲ್ಲಿ ಇಂಥ ಮಾತು ಬರುವುದೇ ಅಪರೂಪವಾದ್ದರಿಂದ ಅದು ನನಗೆ ನೆನಪುಳಿಯಿತು.

ಆ ಊರಿನ ಬಗ್ಗೆ ಓದುತ್ತ ಹೋದಂತೆ ನನಗೂ ಅದರ ಹುಚ್ಚು ಹಿಡಿಯಿತು. ಸುಮಾರು ಸಾವಿರ ವರ್ಷ ಒಂದೇ ರಾಜ್ಯಕ್ಕೆ ರಾಜಧಾನಿಯಾಗಿದ್ದ ನಗರವದು. ಪೇಟೆಯ ನಟ್ಟನಡುವೆ ರಾಜರು ಹುಲ್ಲು ಹೊದ್ದು ಮಲಗಿದ್ದಾರೆ. ಪಕ್ಕದ ಬೀದಿಯಲ್ಲಿ ಜನ ಕಾಫಿ ಕುಡಿಯುತ್ತಾರೆ. ನಾನಾದರೋ ದಿನನಿತ್ಯ ಮೆಟ್ರೋ ಇಳಿದು ಕೆಲಸಕ್ಕೆ ಹೋಗುವುದು ಇಲ್ಲಿಯ ಹಳೆಯ ಪೇಟೆ ಮುಶೈರಿಬ್‌ಗೆ. ಬಂದ ಹೊಸತರಲ್ಲಿ ಅಲ್ಲಿ ನನಗೆ ಕಡ ಕೊಡುತ್ತಿದ್ದ ಚಹಾದಂಗಡಿಯಿತ್ತು, ಗಿಜಿಗುಡುವ ಗಲ್ಲಿಗಳಿದ್ದವು, ಮೊದಲ ಸಂಬಳದಲ್ಲಿ ಅಂಗಿ ಕೊಂಡ ಜವಳಿ ಮಳಿಗೆಯಿತ್ತು. ಈಗ ಅಲ್ಲಿ ನುಣುಪಾದ ಕಲ್ಲಿನ ಭವ್ಯ ಕಟ್ಟಡಗಳು, ನೆರಳಿನ ಬೀದಿಗಳು ಇವೆ. ಚೆನ್ನಾಗಿಯೇ ಇದೆ, ದೂರುವಂಥದ್ದೇನಿಲ್ಲ. ಆದರೆ ಅಲ್ಲಿ ಈಗ ಅತ್ಯಂತ ಪುರಾತನವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ನನ್ನನ್ನೇ ತೋರಿಸಬೇಕಾದೀತು. ಇಂಥವನಿಗೆ ಸಾವಿರ ವರ್ಷ ಜಾಗ ಬಿಟ್ಟು ಕದಲದವರನ್ನು ನೋಡುವ ಆಸೆಯಾದರೆ ಅದು ಅಪರಾಧವಲ್ಲವಷ್ಟೆ.

ನಾವು ಹಿಂದೆಯೂ ಮೂರು ಬಾರಿ ಹೊರಟಿದ್ದೆವು. ಶ್ರೀಲಂಕಾಕ್ಕೆ ಹೊರಟ ವರ್ಷ ಸೋದರಳಿಯನ ಮದುವೆ ನಿಶ್ಚಯವಾಯಿತು. ಕಾಶ್ಮೀರಕ್ಕೆಂದು ಸ್ವೆಟರು ಕೊಂಡ ವರ್ಷ ನಮ್ಮೂರು ಕಾಪುವಿನಲ್ಲಿ ಮನೆಯ ಬಾವಿಯ ದಂಡೆ ಕುಸಿಯಿತು. ಟರ್ಕಿಯ ವರ್ಷ ಅಕ್ಕನಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ. ಒಂದೂ ನೆಪವಲ್ಲ, ಎಲ್ಲವೂ ಹೋಗಲೇಬೇಕಾದ ಕಾರಣಗಳು. ಪ್ರಮೀಳಾ ಒಮ್ಮೆಯೂ ಗೊಣಗಲಿಲ್ಲ. ಸ್ವೆಟರನ್ನು ಅಕ್ಕನ ಮಗನಿಗೆ ಕೊಟ್ಟಳು. ಅವನು ಅದನ್ನು ಕಾಪುವಿನ ಸೆಖೆಯಲ್ಲಿ ಒಮ್ಮೆ ಹಾಕಿಕೊಂಡು ಫೋಟೋ ತೆಗೆಸಿಕೊಂಡ.

ಈ ಸಲ ಮಾತ್ರ ನಾನು ಗಟ್ಟಿಯಾಗಿ ಸಂಕಲ್ಪ ಮಾಡಿದೆ. ಅಕ್ಟೋಬರ್, ಹತ್ತು ದಿನದ ರಜೆ, ಅದರಲ್ಲಿ ನಾಲ್ಕು ದಿನ ಗ್ಯೊಂಗ್ಜು, ಉಳಿದವು ದಾರಿಗೂ ಆಯಾಸಕ್ಕೂ. ನಮ್ಮ ಕಂಪನಿ ವರ್ಷಕ್ಕೊಮ್ಮೆ ಊರಿನ ವಿಮಾನ ಟಿಕೆಟ್ ಕೊಡುತ್ತದೆ. ಬೇಡವೆಂದರೆ ಅದರ ಬದಲು ಹಣ ಕೊಡುತ್ತದೆ. ಆ ಹಣವೇ ನಮ್ಮ ಪ್ರವಾಸದ ಮೂಲಧನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ವಿಧೇಯನಾಗಿ ನಾನು ಹಾಸಿಗೆಗೆ ಮಂಚವೇ ಇಲ್ಲದ ಕೋಣೆಯೊಂದನ್ನು ಹುಡುಕಿದೆ. ಅಲ್ಲಿಯ ಹಳೆಯ ಮಾದರಿಯ ಮನೆಗಳಲ್ಲಿ ನೆಲವನ್ನೇ ಬಿಸಿ ಮಾಡಿ, ತೆಳುವಾದ ಹಾಸಿಗೆ ಹಾಸಿ ಮಲಗಿಸುತ್ತಾರಂತೆ. ವೇಗದ ರೈಲಿನ ಬದಲು ಈಗಿನ ರಾಜಧಾನಿ ಸೋಲ್‌ನಿಂದ ಬಸ್ಸು. ಎರಡು ಗಂಟೆ ಹೆಚ್ಚು ಕುಳಿತರೂ ಸಮಾಧಿಗಳ ಹತ್ತಿರವೇ ಇಳಿಸುತ್ತದೆ. ಊರೊಳಗೆ ಕಾಲ್ನಡಿಗೆ, ಬೆಟ್ಟದ ಮೇಲಿನ ಬುದ್ಧನಿಗೆ ನಗರದ ಬಸ್ಸು.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ಹೇಳಬೇಕು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ನಾನು ಕಾಗದಪತ್ರಗಳ ಕಾವಲುಗಾರ. ಯಾವ ನಕ್ಷೆಯೂ ಪರಿಷ್ಕರಣೆಯ ಸಂಖ್ಯೆಯಿಲ್ಲದೆ, ಅಂದರೆ ನಮ್ಮ ಭಾಷೆಯಲ್ಲಿ 'ರಿವಿಷನ್ ನಂಬರ್' ಇಲ್ಲದೆ, ನನ್ನ ಮೇಜನ್ನು ದಾಟುವಂತಿಲ್ಲ. ಇನ್ನೊಬ್ಬರ ತಪ್ಪು ಹಿಡಿಯುವುದಕ್ಕೆ ಸಂಬಳ ಪಡೆಯುವ ಅಪರೂಪದ ಭಾಗ್ಯವಂತ ನಾನು. ಈ ಅಭ್ಯಾಸ ಪ್ರವಾಸಕ್ಕೂ ಅಂಟಿಕೊಂಡಿತು. ನಮ್ಮ ಗ್ಯೊಂಗ್ಜು ಯೋಜನೆ ಮೂರೇ ವಾರದಲ್ಲಿ ಆರನೆಯ ರಿವಿಷನ್ ತಲುಪಿತು. ಅದರಲ್ಲಿ ಪ್ರತಿ ಕಾಲು ಗಂಟೆಗೂ ಒಂದು ಕರ್ತವ್ಯವಿತ್ತು: ಏಳುವುದು, ಹಾಸಿಗೆ ಮಡಚುವುದು, ಕೆಂಬೇಳೆಯ ಸಿಹಿ ಹೂರಣದ ಬನ್ನು ತಿನ್ನುವುದು, ನಕ್ಷತ್ರ ನೋಡಲು ಕಟ್ಟಿದ ಕಲ್ಲಿನ ಗೋಪುರದ ಮುಂದೆ ಹನ್ನೆರಡು ನಿಮಿಷ ವಿಸ್ಮಯಪಡುವುದು. ಪ್ರಮೀಳಾಳ ಸಮಾಧಿಗಳಿಗೆ ನಲವತ್ತೈದು ನಿಮಿಷ ಕೊಟ್ಟಿದ್ದೆ. ಉದಾರವಾಗಿಯೇ ಕೊಟ್ಟಿದ್ದೇನೆಂದು ನನ್ನ ಭಾವನೆಯಾಗಿತ್ತು. ಈ ಪಟ್ಟಿಯನ್ನು ಕೋಣೆಯ ಒಡತಿಯಾದ ಅಜ್ಜಿಗೂ ಕಳಿಸಿದೆ. ಅನುವಾದ ಯಂತ್ರದ ಮೂಲಕ ಆಕೆಯ ಉತ್ತರ ಬಂತು: "ಇಷ್ಟೆಲ್ಲ ನೋಡಲು ನನಗೆ ಅರವತ್ತು ವರ್ಷ ಹಿಡಿಯಿತು. ನಿಮಗೆ ಶುಭವಾಗಲಿ."

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ನಾನು ಬಿದ್ದದ್ದು ರಜಾ ಅರ್ಜಿಯಲ್ಲಿ. ಅರ್ಜಿಯ ಕೆಳಭಾಗದಲ್ಲಿ ಎರಡು ಚೌಕಗಳಿವೆ, ಟಿಕೆಟ್ಟು ಅಥವಾ ಹಣ. ಅದರ ಕೆಳಗೆ, ಯಾವ ಊರಿಗೆ ಎಂಬ ಗೆರೆ. ಇಪ್ಪತ್ತೆರಡು ವರ್ಷ ಒಂದೇ ಸುತ್ತು ತಿರುಗಿದ ಗಾಣದೆತ್ತಿನಂತೆ ನನ್ನ ಕೈ ತಾನಾಗಿಯೇ ಟಿಕೆಟ್ಟಿನ ಚೌಕಕ್ಕೆ ಗುರುತು ಹಾಕಿ, ಗೆರೆಯ ಮೇಲೆ ಮಂಗಳೂರು ಎಂದು ಬರೆದು, ಸಹಿ ಮಾಡಿ ಕೊಟ್ಟುಬಿಟ್ಟಿದೆ. ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಗ್ಯೊಂಗ್ಜುವಿನ ಬಸ್ಸಿನ ವೇಳಾಪಟ್ಟಿ.

ಇದು ತಿಳಿದದ್ದು ಒಂದು ಪೊಟ್ಟಣದಿಂದ. ನಮ್ಮ ಕಚೇರಿಯಲ್ಲಿ ಟಿಕೆಟ್ಟಿನ ವ್ಯವಹಾರ ನೋಡಿಕೊಳ್ಳುವವನು ಶಿರ್ವದ ಫೆಲಿಕ್ಸ್. ಬುಧವಾರ ಸಂಜೆ ಅವನು ಒಂದು ಕೈಯಲ್ಲಿ ನನ್ನ ಟಿಕೆಟ್ಟನ್ನೂ ಇನ್ನೊಂದು ಕೈಯಲ್ಲಿ ಟೇಪು ಸುತ್ತಿದ ಕಟ್ಟೊಂದನ್ನೂ ಹಿಡಿದು ಬಂದ. ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಬೇರೆಯವರ ಪೊಟ್ಟಣಕ್ಕೂ ಹಕ್ಕಿರುತ್ತದೆ. ಇದು ಇಲ್ಲಿ ಯಾರೂ ಬರೆದಿಡದ, ಯಾರೂ ಮೀರದ ಕಾನೂನು.

"ಒಂದು ಸಣ್ಣ ಪೊಟ್ಟಣ ಮಾರಾಯ್ರೆ, ನಾಲ್ಕೇ ಕಿಲೋ. ನಿಮ್ಮ ಅಕ್ಕನ ಮನೆಗೆ ನಮ್ಮ ಅತ್ತೆ ಬಂದು ತಕ್ಕೊಂಡು ಹೋಗ್ತಾರೆ. ಅಕ್ಕನಿಗೆ ಅವರು ಹೇಳಿಯೂ ಆಗಿದೆ," ಎಂದ.

ನಾನು ಟಿಕೆಟ್ಟನ್ನೂ ಅವನನ್ನೂ ನೋಡಿದೆ. ನನ್ನ ಅವಸ್ಥೆ ಕೇಳಿ ಅವನು ತಲೆ ಕೆರೆದುಕೊಂಡ. "ನಾಳೆ ಮಧ್ಯಾಹ್ನದ ಒಳಗೆ ಹೇಳಿದ್ರೆ ಕ್ಯಾನ್ಸಲ್ ಮಾಡಿ ಹಣ ಕೊಡಿಸ್ಬಹುದು. ಆಮೇಲೆ ಖಲಾಸ್. ಆದ್ರೆ ಅಕ್ಕನಿಗೆ ಗೊತ್ತಾಗಿದೆಯಲ್ಲ, ಈಗ ಹೇಗೆ ಹೋಗದೆ ಇರ್ತೀರಿ?" ಎಂದು ಕೇಳಿದ. ಪೊಟ್ಟಣವನ್ನು ಮಾತ್ರ ವಾಪಸು ಒಯ್ಯಲಿಲ್ಲ.

ಮನೆಗೆ ಬಂದು ಪ್ರಮೀಳಾಳಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಕಣ್ಣೀರಿಗೂ ಸಿದ್ಧನಾಗಿದ್ದೆ. ಅವಳು, "ಹೌದಾ? ಹೋಗ್ಲಿ ಬಿಡಿ," ಎಂದಳು. ಸ್ಟೂಲು ಹತ್ತಿ, ಅಟ್ಟದಿಂದ ದೊಡ್ಡ ಪೆಟ್ಟಿಗೆ ಇಳಿಸಿ, ಫೆಲಿಕ್ಸನ ಪೊಟ್ಟಣವನ್ನು ಅದರ ಒಂದು ಮೂಲೆಯಲ್ಲಿಟ್ಟು, ಅಕ್ಕನಿಗೆ ಹಾಲಿನ ಪುಡಿ, ಭಾವನಿಗೆ ನೋವಿನ ಎಣ್ಣೆ, ಮಕ್ಕಳಿಗೆ ಚಾಕೊಲೇಟು ಎಂದು ಹಳೆಯ ಪಟ್ಟಿಯನ್ನು ಬಾಯಿಪಾಠದಿಂದ ಒಪ್ಪಿಸತೊಡಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಆ ಆಶ್ಚರ್ಯವಿಲ್ಲದ ಮುಖ ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಇದು ನಾಲ್ಕನೆಯ ಸಲ. ಈ ಸಲ ಮದುವೆಯಿರಲಿಲ್ಲ, ಬಾವಿ ಕುಸಿದಿರಲಿಲ್ಲ, ಯಾರಿಗೂ ಕಾಯಿಲೆಯಿರಲಿಲ್ಲ; ನನ್ನ ಕೈಯೊಂದೇ ಕಾರಣ.

ಮರುದಿನ ಬೆಳಿಗ್ಗೆ, ಕಚೇರಿಗೆ ಹೋಗಿ ಟಿಕೆಟ್ಟು ಕ್ಯಾನ್ಸಲ್ ಮಾಡಿಸುವ ಮೊದಲು, ಅಕ್ಕನಿಗೆ ಫೋನು ಮಾಡಿದೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನಮಗೆ ಊರೆಂದರೆ ಅವಳ ಅಡುಗೆಮನೆಯೇ. ಅವಳು ಆಗಲೇ ಮೇಲಿನ ಕೋಣೆ ಗುಡಿಸಿಯಾಗಿದೆ, ಕೋರಿರೊಟ್ಟಿಗೆ ಹೇಳಿಯಾಗಿದೆ ಎಂದು ಶುರುಮಾಡಿದಳು. ನಾನು ಕಣ್ಣು ಮುಚ್ಚಿಕೊಂಡು, ಈ ಸಲ ನಾವು ಬರುವುದಿಲ್ಲ ಎಂದೆ.

"ರಜೆ ಸಿಗ್ಲಿಲ್ಲವಾ?" ಎಂದು ಕೇಳಿದಳು.

ಓದುಗರೇ, ಗಲ್ಫಿನವನಿಗೆ ಇದು ಸದಾ ತೆರೆದಿರುವ ಹಿಂಬಾಗಿಲು. ಹೌದು ಎಂದರೆ ಮುಗಿಯಿತು; ಕಂಪನಿಯನ್ನು ಇಬ್ಬರೂ ಸೇರಿ ಬೈದು ಸುಖವಾಗಿ ಫೋನಿಡಬಹುದು. ನಾನು ಎಷ್ಟೋ ಸಲ ಆ ಬಾಗಿಲಿನಿಂದ ನುಸುಳಿದವನೇ. ಆದರೆ ಎದುರಿನ ಕೋಣೆಯಲ್ಲಿ ಬಾಯಿ ತೆರೆದಿದ್ದ ಪೆಟ್ಟಿಗೆ ಕಾಣುತ್ತಿತ್ತು.

"ರಜೆ ಸಿಕ್ಕಿದೆ ಅಕ್ಕ. ಪ್ರಮೀಳಾಳನ್ನು ಕರ್ಕೊಂಡು ಕೊರಿಯಾಕ್ಕೆ ಹೋಗ್ತೇನೆ."

"ಕೊರಿಯಾದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಎಂತ ಉಂಟು?"

"ರಾಜರ ಸಮಾಧಿಗಳು."

ಅತ್ತ ಕಡೆ ಕುಕ್ಕರು ಎರಡು ಸಲ ಕೂಗಿತು. ಐವತ್ತರ ಗಂಡಸಿಗೆ ಅಕ್ಕನ ಭಯ ಇಷ್ಟೊಂದು ಉಳಿದಿರುತ್ತದೆಂದು ನಾನೆಣಿಸಿರಲಿಲ್ಲ. ಕೊನೆಗೆ ಅವಳು ನಿಧಾನವಾಗಿ, "ಹಾಗಾದ್ರೆ ಅಕ್ಟೋಬರ್‌ನಲ್ಲಿ ನಾನು ಫ್ರೀಯಾ?" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ನಮ್ಮ ಮಹಿಳಾ ಮಂಡಲದ ಬಸ್ಸು ಪ್ರತಿ ಅಕ್ಟೋಬರ್‌ನಲ್ಲಿ ಹೊರಡುವುದು ಮಾರಾಯ. ನೀವು ಬಂದಿಳಿಯುವುದೂ ಆಗಲೇ. ಒಂದು ವರ್ಷ ಬೇಲೂರು, ಒಂದು ವರ್ಷ ಬಾದಾಮಿ, ಎಲ್ಲ ಉಳಿದವರು ನೋಡಿದ್ದು. ಈ ಸಲ ಹಂಪಿ. ನಾನು ಬರುವುದಿಲ್ಲ ಅಂತ ನಿನ್ನೆಯಷ್ಟೇ ಹೇಳಿ ಬಂದೆ. ಈಗಲೇ ಫೋನು ಮಾಡಿ ಸೀಟು ಹಿಡಿತೇನೆ, ನೀನು ಇಡು. ಅಲ್ಲ, ಇಡ್ಬೇಡ, ಅವಳಿಗೆ ಕೊಡು."

ನಮ್ಮ ರಜೆ ಎಂದು ನಾವು ಕರೆಯುತ್ತಿದ್ದುದು ಅವಳ ಪಾಲಿಗೆ ದುಡಿಮೆಯ ತಿಂಗಳಾಗಿತ್ತು. ಅವಳು ನಮ್ಮ ದಾರಿ ಕಾಯುತ್ತಾಳೆಂದು ನಾವು ಹೋಗುತ್ತಿದ್ದೆವು. ನಾವು ಬರುತ್ತೇವೆಂದು ಅವಳು ಎಲ್ಲಿಗೂ ಹೋಗದೆ ಉಳಿಯುತ್ತಿದ್ದಳು. ಪ್ರೀತಿಯಲ್ಲಿ ಯಾರಿಗೂ ಕೊರತೆಯಿರಲಿಲ್ಲ. ಕೇಳಬೇಕಾದದ್ದನ್ನು ಕೇಳಿಕೊಳ್ಳುವ ಸಂಪ್ರದಾಯ ಮಾತ್ರ ನಮ್ಮ ಮನೆಯಲ್ಲಿರಲಿಲ್ಲ.

ಪ್ರಮೀಳಾ ದೋಸೆಯ ಸಟ್ಟುಗ ಹಿಡಿದುಕೊಂಡೇ ಫೋನು ತೆಗೆದುಕೊಂಡಳು. "ಇಲ್ಲಕ್ಕ," "ಹೌದಕ್ಕ," ಎಂದಳು. ಆಮೇಲೆ ಅಕ್ಕ ಏನು ಹೇಳಿದಳೋ ಕಾಣೆ, ಸಟ್ಟುಗವಿದ್ದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಫೋನಿಟ್ಟು, ಒಲೆ ಆರಿಸಿ, ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಅಲ್ಲಿ ಆಗ ಚಳಿ ಇರ್ತದಾ?" ಎಂದು ಕೇಳಿದಳು.

ಈ ಮೂರು ವಾರಗಳಲ್ಲಿ ಗ್ಯೊಂಗ್ಜುವಿನ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು ಎಂದು ನನಗೆ ಆಗ ಹೊಳೆಯಿತು. ಅವಳ ಮೌನವನ್ನು ನಾನು ನನ್ನ ಯೋಜನಾ ಸಾಮರ್ಥ್ಯಕ್ಕೆ ಸಂದ ಗೌರವವೆಂದು ತಿಳಿದಿದ್ದೆ. ಹೋಗುತ್ತೇವೆಂದು ಅವಳು ನಂಬಿಯೇ ಇರಲಿಲ್ಲ, ಅಷ್ಟೇ. ಈಗ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಸೀರೆ ಉಟ್ಟರೆ ನಡೆಯಲಿಕ್ಕಾಗುತ್ತದಾ? ಆ ಹುಲ್ಲನ್ನು ಯಾರು ಕೊಯ್ಯುತ್ತಾರೆ? ಅಷ್ಟು ಎತ್ತರಕ್ಕೆ ಏರಿ ಕೊಯ್ಯುವುದು ಹೇಗೆ? ಆ ರಾಜರ ರಾಣಿಯರೂ ಅಲ್ಲೇ ಇದ್ದಾರಾ? ಆರು ರಿವಿಷನ್ನುಗಳ ನನ್ನ ಯೋಜನೆಯಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಲೇ ಹೋದೆ. ಹಾಗೆ ಹೇಳುವುದರಲ್ಲಿ ಇಷ್ಟು ಸಂತೋಷವಿದೆಯೆಂದು ನನ್ನ ವೃತ್ತಿ ನನಗೆ ಕಲಿಸಿರಲಿಲ್ಲ.

"ಅಲ್ಲಿ ಕೂರ್ಲಿಕ್ಕೆ ಬೆಂಚು ಉಂಟಾ?" ಎಂದು ಕೊನೆಗೆ ಕೇಳಿದಳು. ಅದೂ ಗೊತ್ತಿಲ್ಲ ಎಂದೆ.

"ಇಲ್ಲದಿದ್ರೆ ಬೇಡ, ನೆಲದಲ್ಲೇ ಕೂತ್ರಾಯ್ತು. ಆದ್ರೆ ಒಂದು ಇಡೀ ಮಧ್ಯಾಹ್ನ ನನಗೆ ಅಲ್ಲಿ ಸುಮ್ಮನೆ ಕೂರ್ಬೇಕು. ನೀವು ಬೇಕಾದ್ರೆ ಊರು ಸುತ್ತಿ ಬನ್ನಿ," ಎಂದಳು.

ನಾನೂ ಕೂರುತ್ತೇನೆ ಎಂದೆ. ಅವಳು ನನ್ನನ್ನು ನೋಡಿ, "ನಿಮಗೆ ಆಗ್ತದಾ?" ಎಂದು ಕೇಳಿದಳು.